ಗುಡಿಸಿದ ತೋಟ

"ಗರಗಸದವನು ಮಧ್ಯಾಹ್ನ ಬರ್ತಾನೆ. ಅಷ್ಟರೊಳಗೆ ನೀನು ಹೂಂ ಅಂದುಬಿಡು, ಅಕ್ಕ," ಎಂದಳು ಆಫ್ರಕೋಮಾ. ಗಂಡನ ಅಕ್ಕ ಬಿರಾಗೊ ಕೋಕೋ ತೋಟದ ನಡುವೆ ಸೊಂಟದ ಮೇಲೆ ಕೈಯಿಟ್ಟು ನಿಂತು ಸುತ್ತ ಕಣ್ಣಾಡಿಸುತ್ತಿದ್ದಳು. ಇದು ಅವಳ ತಮ್ಮ ಅನಿಮ್ ಬದುಕಿದ್ದಾಗ ಹೆಂಡತಿಗೆ ಕೊಟ್ಟ ತೋಟ. ಮರ ಕಡಿಸುವ ಮುಂಚೆ ಅವನ ಕಡೆಯವರನ್ನು ಕೇಳುವುದು ಮರ್ಯಾದೆ. ಬರಿಗೈಯಲ್ಲಿ ಕೇಳಬಾರದೆಂದು ಆಫ್ರಕೋಮಾ ಬುಟ್ಟಿಯಲ್ಲಿ ಒಂದು ಶೀಶೆ ಮದ್ಯವನ್ನೂ ತಂದಿದ್ದಳು.

"ಎರಡು ವರ್ಷದಿಂದ ನೋಡ್ತಿದೀನಿ. ಬೊಡ್ಡೆ ತುಂಬ ಹೂ ಬಿಡುತ್ತೆ, ಮಾರನೇ ದಿನ ಉದುರುತ್ತೆ. ಒಂದು ಕಾಯಿನೂ ಕಚ್ಚಲ್ಲ. ಮರಕ್ಕೆ ಮುಪ್ಪು ಬಂತು. ಕಡಿಸಿ ಮರಗೆಣಸು ಹಾಕ್ತೀನಿ. ಮಕ್ಕಳಿಗೆ ಹೂ ಬೇಯಿಸಿ ಹಾಕಕ್ಕಾಗುತ್ತಾ?"

"ನನ್ನ ಹೆಂಡ್ತಿ," ಎಂದಳು ಬಿರಾಗೊ. ತಮ್ಮನ ಹೆಂಡತಿಯನ್ನು ಆ ಊರಿನ ಹೆಂಗಸರು ಹಾಗೇ ಕರೆಯುವುದು. "ಇಲ್ಲಿ ನೆಲದ ಮೇಲೇ ಊಟ ಬಡಿಸಬಹುದು. ಒಂದು ತರಗೆಲೆ ಇಲ್ಲವಲ್ಲೇ. ಯಾರು ಗುಡಿಸಿದ್ದು?"

"ಇನ್ಯಾರು? ನಿನ್ನ ತಮ್ಮನಂತೂ ಪೊರಕೆ ಮುಟ್ಟಿದವನಲ್ಲ."

ಅದು ನಿಜ. ಬೆಳಗಾಗುವ ಮೊದಲು ಅಂಗಳ ಗುಡಿಸದ ಹೆಂಗಸನ್ನು ಹೆಂಗಸೇ ಅಲ್ಲ ಅನ್ನುವ ಊರು ಅದು. ಅಂಥ ಊರಲ್ಲಿ ಅನಿಮ್ ತೋಟದಲ್ಲಿ ತರಗೆಲೆಯ ಮೇಲೆ ತರಗೆಲೆ, ಒಡೆದ ಕೋಕೋ ಕಾಯಿಯ ಓಡು, ಕೊಳೆತು ನೀರಾದ ಬಾಳೆದಿಂಡು, ಎಲ್ಲವನ್ನೂ ಬಿದ್ದಲ್ಲೇ ಬಿಟ್ಟಿದ್ದ. ಗುಡಿಸಹೋದರೆ, "ಬಿಡೇ, ಅದು ಅವರ ಮನೆ" ಅನ್ನುತ್ತಿದ್ದ. ಯಾರ ಮನೆ ಎಂದರೆ ನಗುತ್ತಿದ್ದ. ಸೋಮಾರಿಗೆ ನೆಪಕ್ಕೇನು ಬರ ಎಂದು ಆಫ್ರಕೋಮಾ ಮೂತಿ ತಿರುಗಿಸುತ್ತಿದ್ದಳು. ಹಿತ್ತಲ ಗಿಡ ಮದ್ದಲ್ಲ. ಮನೆಯ ಗಂಡನ ಮಾತಂತೂ ಯಾವ ಕಾಲಕ್ಕೂ ಅಲ್ಲ. ತೋಟ ಕೊಟ್ಟ ದಿನ ಹಿರಿಯರ ಮುಂದೆ ಶೀಶೆಯಿಟ್ಟು ಉಪಕಾರವಾಯಿತು ಎನ್ನಬೇಕಾದ ಶಾಸ್ತ್ರದಲ್ಲೂ ಆ ಮಾತು ಅವಳ ತುಟಿಯ ಮೇಲಿನದೇ ಆಗಿತ್ತು. ಒಳಗೊಳಗೇ, ಊರಿನ ಕಸವೆಲ್ಲ ನನ್ನ ಪಾಲಿಗೆ ಬಂತು ಎಂದುಕೊಂಡಿದ್ದಳು. ಎರಡು ವರ್ಷದ ಹಿಂದೆ ಅವನು ತೀರಿಕೊಂಡ ಮೇಲೆ ಮೊದಲು ಮಾಡಿದ ಕೆಲಸವೇ ಗುಡಿಸಿದ್ದು.

"ಗುಡಿಸಿದ್ದನ್ನ ಎಲ್ಲಿ ಹಾಕಿದೆ?"

"ಅಗೋ, ಆ ತಗ್ಗಿಗೆ. ಹೋಗಬೇಡ ಅಕ್ಕ, ವಾಸನೆ. ಹಾವೂ ಇರಬಹುದು. ನಾನೂ ದಿಬ್ಬದ ಮೇಲಿಂದಲೇ ಬುಟ್ಟಿ ಮಗುಚಿ ಬರೋದು."

ಬಿರಾಗೊ ಆಗಲೇ ಸೆರಗಿನಲ್ಲಿ ಮೂಗು ಮುಚ್ಚಿಕೊಂಡು ತಗ್ಗಿಗೆ ಇಳಿದಿದ್ದಳು. ಕೆಳಗಿನಿಂದ ತರಗೆಲೆ ಸರಿಸುವ ಸದ್ದು ಬಂತು. ಆಮೇಲೆ, "ಇಳಿದು ಬಾ," ಎಂದಳು.

ತಗ್ಗಿನಲ್ಲಿ, ಕಸದ ರಾಶಿಗೆ ಆತುಕೊಂಡಂತೆ ತೋಟದ್ದೇ ನಾಲ್ಕು ಮರಗಳಿದ್ದವು. ಬುಡದಿಂದ ಕೊಂಬೆಯವರೆಗೆ ಬೊಡ್ಡೆಗೆ ಬೊಡ್ಡೆಯೇ ಕಾಯಿ. ಹಸಿರು, ಹಳದಿ, ತಾಯಿಗೆ ಜೋತುಬಿದ್ದ ಕೂಸುಗಳ ಹಾಗೆ. ಆಫ್ರಕೋಮಾ ಒಂದು ಕಾಯಿಯನ್ನು ಮುಟ್ಟಿದಳು.

"ಇವೂ ಅದೇ ವಯಸ್ಸಿನ ಮರ," ಎಂದಳು, ತನಗೆ ತಾನೇ ಹೇಳಿಕೊಂಡಂತೆ.

ಬಿರಾಗೊ ಒಂದು ಕೊಳೆತ ದಿಂಡನ್ನು ಕಾಲಿನಿಂದ ಸೀಳಿದಳು. ಸಾಸಿವೆಗಿಂತ ಸಣ್ಣ ನೊಣಗಳು ಹೊಗೆಯಂತೆ ಎದ್ದವು. ಒಂದು ಹೋಗಿ ಬೊಡ್ಡೆಯ ಮೇಲಿನ ಹೂವಿನ ಮೇಲೆ ಕೂತಿತು. ಅಂಗಿಯ ಗುಂಡಿಯಷ್ಟೇ ಚಿಕ್ಕ ಹೂವು ಅದು. ಗಂಡು ಪುಡಿ ಎಸಳಿನ ಮುಸುಕಿನೊಳಗೆ, ಹೆಣ್ಣು ಭಾಗ ಮುಳ್ಳುಬೇಲಿಯಂಥ ಎಳೆಗಳ ನಡುವೆ. ಜೇನಿಗೆ ಅಲ್ಲಿ ತಲೆ ತೂರದು. ನೊಣ ಮುಸುಕಿನೊಳಗೆ ನುಸುಳಿ, ಬೆನ್ನಿಗೆ ಪುಡಿ ಮೆತ್ತಿಕೊಂಡು ಹೊರಬಂದು, ಪಕ್ಕದ ಮರದ ಹೂವಿಗೆ ಹಾರಿತು.

"ಮದುವೆ ದಲ್ಲಾಳಿಗಳು," ಎಂದಳು ಬಿರಾಗೊ. "ಇವರ ಮನೆ ಗುಡಿಸಿಬಿಟ್ಟು ಹೂವಿಗೆ ಗಂಡು ಸಿಗಲಿಲ್ಲ ಅಂದ್ರೆ?"

ಬಿಡೇ, ಅದು ಅವರ ಮನೆ. ಆಫ್ರಕೋಮಾ ಕಸದ ಪಕ್ಕದಲ್ಲೇ ಕುಕ್ಕರಿಸಿದಳು. ಅಳು ಬಂತು, ಜೊತೆಗೆ ನಗುವೂ. ಸತ್ತವನ ಮೇಲೆ ಇಷ್ಟೊಂದು ಪ್ರೀತಿ ಅವನು ಸತ್ತ ದಿನವೂ ಉಕ್ಕಿರಲಿಲ್ಲ.

ಮೇಲೆ ದಾರಿಯಲ್ಲಿ ಮೋಟಾರ್ ಸೈಕಲ್ ನಿಂತ ಸದ್ದಾಯಿತು. ಗರಗಸದವನು ಕೂಗಿದ: "ಅಮ್ಮಾ, ಯಾವ ಮರದಿಂದ ಶುರು ಮಾಡಲಿ?"

"ಮರ ಮುಟ್ಟಬೇಡ," ಎಂದು ಆಫ್ರಕೋಮಾ ಕೆಳಗಿನಿಂದಲೇ ಕೂಗಿದಳು. "ಗೊನೆ ಕೊಯ್ದ ಬಾಳೆಗಳಿವೆ ನೋಡು, ಅವನ್ನ ತುಂಡು ಮಾಡಿ ಒಂದೊಂದು ಮರದ ಬುಡಕ್ಕೂ ಹಾಕು. ಕೊಳೀಲಿ."

ಆಮೇಲೆ ಬುಟ್ಟಿಯಿಂದ ಶೀಶೆ ತೆಗೆದು ಬಿರಡೆ ಬಿಚ್ಚಿದಳು. ಬಿರಾಗೊ ತನಗೇ ಎಂದು ಕೈ ಚಾಚಿದ್ದಳು. ಆಫ್ರಕೋಮಾ ಆ ಕೈಯನ್ನು ದಾಟಿ, ಕೊಳೆತ ದಿಂಡುಗಳ ಮೇಲೆ ಮೆಲ್ಲಗೆ ಬಗ್ಗಿಸತೊಡಗಿದಳು.

"ಅಯ್ಯೋ, ಉಪಕಾರದ ಶೀಶೆ ತೋಟ ಕೊಟ್ಟ ದಿನವೇ ಇಟ್ಟಿದ್ಯಲ್ಲೇ."

"ಅದು ನೆಲಕ್ಕೆ, ಅಕ್ಕ," ಎಂದಳು ಆಫ್ರಕೋಮಾ. "ಇದು ಕಸಕ್ಕೆ."