ಮೂವತ್ತೈದು ನಿಮಿಷದ ದಾರಿ

“ಈ ಬುಧವಾರವೂ ಬಂದಿದ್ದಾರೆ ನೋಡಿ ಮೇಡಂ,” ಸ್ಕ್ಯಾನರ್ ಮುಂದೆ ಕೂತವನು ಪಿಸುಗುಟ್ಟಿದ.

ಮೇಡಂ ತಲೆಯೆತ್ತಿದಳು. ಆ ಪುಟ್ಟ ವಿಮಾನ ನಿಲ್ದಾಣದ ಭದ್ರತೆಯೆಲ್ಲ ಅವಳ ಕೈಯಲ್ಲಿತ್ತು. ಬೆನ್ನ ಹಿಂದೆ ಎಲ್ಲರೂ ಅವಳನ್ನು ‘ಹದ್ದು’ ಅನ್ನುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು.

ಸಾಲಿನಲ್ಲಿ ನೀಲಿ ಚೀಲದ ಹೆಂಗಸು. ಅರವತ್ತರ ಆಸುಪಾಸು. ಗರಿಗರಿ ಉಡುಪು. ಯಾರಿಗೂ ಲೆಕ್ಕ ಒಪ್ಪಿಸಬೇಕಿಲ್ಲ ಎನ್ನುವಂಥ ನಗು. ಇದು ಸತತ ಏಳನೆಯ ಬುಧವಾರ.

ಪಕ್ಕದ ನಿಲ್ದಾಣಕ್ಕೆ ನೂರ ತೊಂಬತ್ತು ಕಿಲೋಮೀಟರ್, ಹಾರಾಟ ಮೂವತ್ತೈದು ನಿಮಿಷ. ವಿಮಾನ ಅಲ್ಲಿ ಐವತ್ತು ನಿಮಿಷ ನಿಂತು ಮರಳುತ್ತದೆ. ಈಕೆ ಅದರಲ್ಲೇ ಹೋಗುತ್ತಾರೆ, ಅದರಲ್ಲೇ ಬರುತ್ತಾರೆ. ಹೋಗುವಾಗ ಚೀಲದಲ್ಲೊಂದು ಡಬ್ಬಿ. ಬರುವಾಗ ಅದಿಲ್ಲ.

“ಅಲ್ಲೇನು ಕೆಲಸ ನಿಮಗೆ?”

“ಕೆಲಸ ಏನೂ ಇಲ್ಲಮ್ಮ.”

“ಮತ್ತೆ ಹೋಗಿ ಏನ್ ಮಾಡ್ತೀರಿ?”

“ವಾಪಸ್ ಬರ್ತೀನಿ. ಹನ್ನೊಂದೂವರೆಗೆ ಮಕ್ಕಳಿಗೆ ಚಿತ್ರಕಲೆ ಕ್ಲಾಸ್ ಇದೆಯಲ್ಲ!”

ಹದ್ದು ಡಬ್ಬಿ ತೆರೆಸಿದಳು. ಸಕ್ಕರೆ ಹಾಕದ ಬಿಸ್ಕತ್ತು. ಒಂದನ್ನು ಮುರಿದೂ ನೋಡಿದಳು. ಬಿಸ್ಕತ್ತೇ.

ಅಷ್ಟರಲ್ಲಿ ಜೇಬಿನ ಫೋನು ಗುಂಯ್‌ಗುಟ್ಟಿತು. ಅಣ್ಣನ ಮನೆಯಿಂದ ಅಪ್ಪ.

“ಒಂದು ಸಲ ಬಂದು ಹೋಗು ಮಗಳೇ. ಎದುರಿಗೆ ಕೂತು ಹೇಳೋ ಮಾತಿದೆ.”

“ಬರ್ತೀನಪ್ಪ. ತಲೆ ತುರಿಸ್ಕೊಳ್ಳೋಕೂ ಪುರುಸೊತ್ತಿಲ್ಲ. ಇಲ್ಲೊಂದು ದೊಡ್ಡ ಕೇಸ್ ಇದೆ.”

ಎರಡು ವರ್ಷದಿಂದ ಅವಳು ಹೀಗೇ ‘ಬರುತ್ತಿದ್ದಳು’.

ಆ ವಾರವಿಡೀ ಬಿಸ್ಕತ್ತು ಅವಳ ತಲೆ ಕೊರೆಯಿತು. ಬಿಸ್ಕತ್ತು ಕೊಡಲು ಯಾರಾದರೂ ವಿಮಾನ ಹತ್ತುತ್ತಾರೆಯೇ? ಇಳಿದು ಹೊರಗೆ ಬರಲು ಹತ್ತು ನಿಮಿಷ, ತಪಾಸಣೆ ಮುಗಿಸಿ ಒಳಗೆ ಹೋಗಲು ಹದಿನೈದು. ಉಳಿಯುವುದು ಇಪ್ಪತ್ತೈದು ನಿಮಿಷ. ಕೈಯಿಂದ ಕೈಗೆ ಏನನ್ನಾದರೂ ದಾಟಿಸಲು ಧಾರಾಳ ಸಾಕು.

ಎಂಟನೆಯ ಬುಧವಾರ ಹದ್ದು ರಜೆ ಹಾಕಿ, ಸಾದಾ ಉಡುಪು ತೊಟ್ಟು, ಕಪ್ಪು ಕನ್ನಡಕ ಏರಿಸಿ ಅದೇ ವಿಮಾನ ಹತ್ತಿದಳು. ನಾಲ್ಕು ಸಾಲು ಹಿಂದೆ ಕೂತಳು. ಅಣ್ಣನ ಮನೆ ಇರುವುದೂ ಆ ಊರಲ್ಲೇ. ಆದರೆ ಐವತ್ತು ನಿಮಿಷದಲ್ಲಿ ಯಾರ ಮನೆಗೆ ಹೋಗಿಬರಲಾದೀತು? ಕೆಲಸ ಮೊದಲು.

ವಿಮಾನ ಇಳಿಯಿತು. ನೀಲಿ ಚೀಲ ಸರಸರ ಹೊರಗೆ ನಡೆದು ಕ್ಯಾಂಟೀನು ಹೊಕ್ಕಿತು. ಮೂಲೆಯ ಮೇಜಿನಲ್ಲಿ, ಬಾಗಿಲಿಗೆ ಬೆನ್ನು ಹಾಕಿ, ಒಬ್ಬ ಗಂಡಸು. ಕಾಡಿಗೆ ಕಪ್ಪು ಕೂದಲು, ಚೌಕಳಿ ಕೋಟು. ಹೆಂಗಸು ಡಬ್ಬಿಯನ್ನು ಅವನ ಮುಂದಿಟ್ಟರು. ಅವನು ಅತ್ತಿತ್ತ ನೋಡಿ, ಒಂದು ಲಕೋಟೆಯನ್ನು ಅವರ ಕೈಗೆ ತುರುಕಿದ.

ಸಿಕ್ಕಿಬಿದ್ದರು! ಹದ್ದು ನಾಲ್ಕೇ ಹೆಜ್ಜೆಯಲ್ಲಿ ಎರಗಿ, ಅವನ ಭುಜದ ಮೇಲೆ ಕೈಯಿಟ್ಟಳು.

“ಏಳಬೇಡಿ. ಆ ಲಕೋಟೆ ಮೇಜಿನ ಮೇಲಿಡಿ.”

ಗಂಡಸು ತಿರುಗಿದ. ಕೂದಲಿಗೆ ಹಚ್ಚಿದ ಬಣ್ಣ ಕಿವಿಗೂ ಮೆತ್ತಿತ್ತು.

“ಕೊನೆಗೂ ಬಂದೆಯಾ!” ಎಂದರು ಅಪ್ಪ. “ಕೂತ್ಕೋ ಮಗಳೇ. ಇವರ ಪರಿಚಯ ಮಾಡ್ಸೋಕೇ ನಿನ್ನ ಅಷ್ಟು ಸಲ ಕರೆದದ್ದು.”