ಹಳೆಯ ಪೆನ್‌ಡ್ರೈವಿನಿಂದ ಎದ್ದ ಗಂಡ

ಮಗಳ ನಿಶ್ಚಿತಾರ್ಥಕ್ಕೆ ಇನ್ನು ಎರಡೇ ತಾಸು ಇತ್ತು, ಕಸ್ತೂರಿಯ ಗಂಡ ವಿರೂಪಾಕ್ಷ ಚಾಲೂ ಆಗಲೊಲ್ಲ. ಎಲ್ಲರ ಹಾಗೆ ಅವನೂ ರಾತ್ರಿ ಬಂದ್ ಆಗಿ ಮಲಗಿದ್ದ. ಬೆಳಿಗ್ಗೆ ಕುತ್ತಿಗೆಯ ಗುಂಡಿ ಒತ್ತಿದರೆ ಕಣ್ಣು ಅರ್ಧ ತೆರೆದು ಮತ್ತೆ ಮುಚ್ಚಿಕೊಂಡ. ಕಸ್ತೂರಿ ಕಪಾಟು ತಡಕಿ ಅವನ ನೆನಪುಗಳನ್ನು ನಕಲು ಮಾಡಿಟ್ಟಿದ್ದ ಪೆನ್‌ಡ್ರೈವ್ ತಂದು ಕಿವಿಯ ಹಿಂದೆ ಚುಚ್ಚಿದಳು. ಆದರೂ ಏಳಲಿಲ್ಲ.

ಕೊನೆಗೆ ರಿಪೇರಿಯ ಮೆಹರುನ್ನೀಸಾಗೆ ಫೋನ್ ಮಾಡಿದಳು.

“ಅಕ್ಕಾರ, ನಿಮ್ಮ ಯಜಮಾನ್ರು ಏಳೂಮುಂದ ಮೊದಲು ತಮ್ಮ ಕೆಟ್ಟ ತಲೀನ ನೋಡ್ತಾರ, ಪೆನ್‌ಡ್ರೈವ್ ಕಡೆ ಹೊಳ್ಳೂದೇ ಇಲ್ಲ. ಗುಂಡಿ ಒತ್ತೂಮುಂದ ಕಿವಿ ಹಿಂಡಿ ಹಿಡೀರಿ, ಪೆನ್‌ಡ್ರೈವಿನಿಂದ ಏಳ್ತಾರ.”

ಮದುವೆಯಾಗಿ ಇಪ್ಪತ್ತಾರು ವರ್ಷಕ್ಕೆ ಸಿಕ್ಕ ಅವಕಾಶ. ಕಸ್ತೂರಿ ಗಟ್ಟಿಯಾಗಿಯೇ ಹಿಂಡಿದಳು. ವಿರೂಪಾಕ್ಷ ಎದ್ದು ಕುಳಿತ.

“ಮನಿ ತುಂಬ ಹೂವು ಯಾಕ?”

“ಇವತ್ತ ಮಗಳ ನಿಶ್ಚಯ ಐತ್ರಿ.”

“ಮತ್ತ ಅಣ್ಣ ಎಲ್ಲಿ? ಅವನ್ನ ಬಿಟ್ಟು ಮಾಡೂದೇನು?”

ಕಸ್ತೂರಿ ಬೆರಗಾಗಿ ನಿಂತಳು. ಅವನ ಅಣ್ಣ ರಾಚಪ್ಪ ಇರುವುದು ಪಕ್ಕದ ಮನೆಯಲ್ಲೇ. ನಡುವಿನ ಗೋಡೆಗಾಗಿ ಜಗಳವಾಡಿ ಇಬ್ಬರೂ ಮೂರು ವರ್ಷದಿಂದ ಮಾತು ಬಿಟ್ಟಿದ್ದರು. ಪೆನ್‌ಡ್ರೈವಿನಲ್ಲಿದ್ದದ್ದು ಅದಕ್ಕೂ ಹಿಂದಿನ ವಿರೂಪಾಕ್ಷ.

“ಹಳೇ ನೆನಪು ಬಂದಾವೇನ್ರಿ?” ಫೋನಿನಲ್ಲೇ ಇದ್ದ ಮೆಹರುನ್ನೀಸಾ ಕೇಳಿದಳು. “ಈಗ ಬಂದು ಹೊಸಾವು ತುಂಬಲೇನ್ರಿ?”

“ಇವತ್ತ ಬ್ಯಾಡ, ತಂಗಿ. ಊಟಕ್ಕ ಬಾ.”

ಅಷ್ಟರಲ್ಲಿ ವಿರೂಪಾಕ್ಷ ಪಕ್ಕದ ಮನೆಯ ಬಾಗಿಲು ಬಡಿಯುತ್ತಿದ್ದ.

“ಅಣ್ಣಾ, ಇನ್ನೂ ತಯಾರಾಗಿಲ್ಲೇನು?”

ಬಾಗಿಲು ತೆರೆದ ರಾಚಪ್ಪ ತಮ್ಮನನ್ನು ಅಡಿಯಿಂದ ಮುಡಿವರೆಗೆ ನೋಡಿದ. “ಕರೀಲಿಕ್ಕೆ ಇಷ್ಟು ದಿನ ಬೇಕಾತೇನಪಾ?” ಎಂದು ಅಂಗಿ ತೊಡಲು ಒಳಗೆ ಓಡಿದ.