ವಲೇರಿಯನ್ ಬಡಿದ ಬಾಗಿಲು

ಬೆಳಿಗ್ಗೆ ಹತ್ತು ಗಂಟೆಗೆ, ಮಂಗಳೂರಿನ ತಮ್ಮ ಶೆಡ್ಡಿನಲ್ಲಿ, ಮಾರಲಿಟ್ಟ ಹಳೆಯ ಕೆಂಪು ಇಂಗ್ಲಿಷ್ ಸ್ಪೋರ್ಟ್ಸ್ ಕಾರಿನ ಬಾಗಿಲು ಅಸಲಿಯಲ್ಲ ಎಂದು ಹಿಲ್ಡಾಬಾಯಿ ತಾವೇ ಹೇಳಿದರು. ಕೊಳ್ಳಲು ಮೈಸೂರಿನಿಂದ ಬಂದಿದ್ದ ನಂಜರಾಜ ಅರಸು ನಕ್ಕರು.

"ಮಾರೋರೇ ಹೀಗಂದ್ರೆ ನಾನೇನು ಚೌಕಾಸಿ ಮಾಡ್ಲಿ, ಮೇಡಂ?"

"ನುಜ್ಜುಗುಜ್ಜಾಗಿತ್ತು. ನನ್ನ ಗಂಡ ಬಡಿದು ನೆಟ್ಟಗೆ ಮಾಡಿದ್ದು."

ತಗಡು ಬಡಿಯುವಾಗ ಆಡಿದ ಮಾತು ತಗಡಿನಲ್ಲೇ ಉಳಿಯುತ್ತದೆ. ಹಳೆಯ ಕಾರು ಕೊಳ್ಳುವವರು ಬಣ್ಣಕ್ಕಿಂತ ಮೊದಲು ಅದನ್ನು ಕೇಳಿಸಿಕೊಳ್ಳುತ್ತಾರೆ. ಅರಸು ಬಾಗಿಲಿಗೆ ಸ್ಟೆತಾಸ್ಕೋಪ್ ಹಚ್ಚಿದರು.

"ಕಾರ್ಖಾನೆಯ ಇಂಗ್ಲಿಷರು ಚಳಿಗೆ ಬೈತಿದ್ದಾರೆ, ಅಷ್ಟೇ. ಇದು ಅಸಲಿ."

"ಸರಿಯಾಗಿ ಕೇಳಿ ಮಾರಾಯ್ರೆ! ಅವರದ್ದೊಂದು ಕೆಮ್ಮಾದ್ರೂ ಇರಬೇಕು. ವಲೇರಿಯನ್ ಹೋಗಿ ಎರಡು ವರ್ಷ ಆಯ್ತು. ಅವರ ದನಿ ನನ್ನ ಹತ್ರ ಬೇರೆಲ್ಲೂ ಇಲ್ಲ. ಸಿಕ್ಕಿದ್ರೆ ಬಾಗಿಲು ನಾನು ಇಟ್ಟುಕೊಳ್ತೇನೆ, ಉಳಿದದ್ದು ನಿಮಗೆ."

ಅರಸು ಇಡೀ ಬಾಗಿಲನ್ನು ಇಂಚಿಂಚಾಗಿ ಮತ್ತೆ ಕೇಳಿ, ಸ್ಟೆತಾಸ್ಕೋಪ್ ತೆಗೆದರು.

"ಬಾಯಿಗೆ ಬಟ್ಟೆ ಕಟ್ಕೊಂಡೇ ಬಡಿದಿದ್ದಾರೆ, ಮೇಡಂ. ಇಷ್ಟು ಶುದ್ಧವಾದ ಕೆಲಸ ನಾನು ನೋಡಿಲ್ಲ."

ಕೆಲಸದ ನಡುವೆ ತಾವು ಕಾಫಿ ತಂದಾಗಲೂ ವಲೇರಿಯನ್ ತುಟಿಗೆ ಬೆರಳಿಟ್ಟು ತಮ್ಮನ್ನು ಹೊರಗೆ ಕಳಿಸುತ್ತಿದ್ದುದು ಹಿಲ್ಡಾಬಾಯಿಗೆ ಗೊತ್ತಿತ್ತು. ಆದರೂ ಒಮ್ಮೆಯಾದರೂ ಮೈಮರೆತಿರಬಹುದು ಎಂದುಕೊಂಡಿದ್ದರು.

ಮಧ್ಯಾಹ್ನ ಕಾರು ಬಾಗಿಲ ಸಮೇತ ಮೈಸೂರಿಗೆ ಹೋಯಿತು.